ಕಲಿಸುವವರ ಕಲಿಕೆ

(ಅಧ್ಯಾಪಕರ ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣವೆಂದೊಡನೆ ನಮ್ಮ ಸಭೆಗಳಲ್ಲಿ ಕಟ್ಟಡ, ಫಲಿತಾಂಶ, ವಿದ್ಯಾರ್ಥಿವೇತನಗಳ ಮಾತು ಬರುತ್ತದೆ. ಅಧ್ಯಾಪಕರು ಯಾರಿಂದ ಕಲಿಯುತ್ತಾರೆಂದು ನಾವು ವಿಚಾರಿಸುವುದಿಲ್ಲ. ಬಿ.ಎಡ್. ಪ್ರಮಾಣಪತ್ರ ಕೈಸೇರಿದ ದಿನವೇ ಅವರ ಕಲಿಕೆ ಮುಗಿಯಿತೆಂದು ಭಾವಿಸಿದ್ದೇವೆ. ಆದರೆ ಪ್ರವಾದಿ ಮೂಸಾ(ಅ) ಅವರೇ ಜ್ಞಾನವನ್ನರಸಿ ಹೊರಟುದನ್ನು ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯವು ತಿಳಿಸುತ್ತದೆ. ಪ್ರವಾದಿಯವರ(ಸ) ಅನುಚರರಾದ ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಒಂದೇ ಒಂದು ಹದೀಸ್ ಕೇಳಲು ಒಂದು ತಿಂಗಳ ದಾರಿ ಸವೆಸಿದ್ದರು. ಇಂದು ಆ ದಾರಿ ಅಂಗೈಯಗಲದ ಮೊಬೈಲಿನಷ್ಟು ಕಿರಿದಾಗಿದೆ.

6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಹೋಗಿಯೇ ಇಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಬಡತನ ಇದಕ್ಕೆ ಕಾರಣ, ನಿಜ. ಆದರೆ ಗಣಿತ ತಲೆಗೆ ಹತ್ತದ ಹುಡುಗನಿಗೆ ಗ್ಯಾರೇಜು ಬೇಗನೆ ಹತ್ತಿರವಾಗುತ್ತದೆ ಎಂಬುದೂ ಅಷ್ಟೇ ನಿಜ.

ಒಂದು ಉದಾಹರಣೆ ನೋಡೋಣ. ಭಿನ್ನರಾಶಿಯನ್ನು ಭಾಗಿಸುವಾಗ ಅದನ್ನೇಕೆ ತಿರುವಿ ಗುಣಿಸಬೇಕು? 'ನಿಯಮ, ಬರೆದುಕೋ' ಎಂದರೆ ಮಗು ಬರೆದುಕೊಳ್ಳುತ್ತದೆ, ಅರಿಯುವುದಿಲ್ಲ. ಊರಿನ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಅಧ್ಯಾಪಕಿ ಇದ್ದರೆ ಅವರು ಯಾರನ್ನು ಕೇಳಬೇಕು? ಮುಖ್ಯೋಪಾಧ್ಯಾಯರನ್ನು ಕೇಳಿದರೆ ಅಸಮರ್ಥರೆನಿಸಿಕೊಳ್ಳುವ ಭಯ. ಅದೇ ಪ್ರಶ್ನೆಯನ್ನು ದೂರದ ಸಹೋದ್ಯೋಗಿಗಳ ಮುಂದಿಟ್ಟರೆ ಯಾರೋ ಒಬ್ಬರು, 'ಮೂರು ರೊಟ್ಟಿಗಳನ್ನು ಅರ್ಧರ್ಧ ಮಾಡಿ, ತುಂಡುಗಳನ್ನು ಮಕ್ಕಳಿಂದಲೇ ಎಣಿಸಿ' ಎನ್ನುತ್ತಾರೆ. ಆರು ತುಂಡು. ಮೂರನ್ನು ಅರ್ಧದಿಂದ ಭಾಗಿಸುವುದೆಂದರೆ ಎರಡರಿಂದ ಗುಣಿಸಿದಂತೆ ಎಂಬುದು ಮಗುವಿಗೆ ಕಣ್ಣಾರೆ ಕಾಣುತ್ತದೆ.

ನಮ್ಮ ರಾಜ್ಯದಲ್ಲಿ ಇದು ಹೊಸದೇನಲ್ಲ. ಕಳೆದ ದಶಕದ ಆರಂಭದಲ್ಲೇ ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರನ್ನು ವಿಷಯವಾರು ಮಿಂಚಂಚೆ ಬಳಗಗಳಲ್ಲಿ ಬೆಸೆಯುವ 'ವಿಷಯ ಶಿಕ್ಷಕರ ವೇದಿಕೆ' ಆರಂಭವಾಗಿತ್ತು. ಶಿಕ್ಷಕರೇ ಸೇರಿ ಪಾಠದ ಸಾಮಗ್ರಿ ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ಹಂಚಿದರು. ನಮ್ಮ ಸಮುದಾಯದ ಶಾಲೆಗಳಲ್ಲಿ ಅಂತಹ ಬಳಗಗಳೆಷ್ಟು? ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪಿತ್ತಾಗ ನಾವು ಹರ್ಷಿಸಿದೆವು. ಹಕ್ಕಿನೊಂದಿಗೆ ಬಂದ ಹೊಣೆಯ ಕುರಿತು ಚರ್ಚಿಸಲಿಲ್ಲ.

ವಾಟ್ಸ್ಆ್ಯಪ್ ಗ್ರೂಪುಗಳಿವೆಯಲ್ಲ ಎನ್ನಬಹುದು. ಇವೆ. ಶುಕ್ರವಾರದ ಶುಭಾಶಯ, ಸುತ್ತೋಲೆ, ಹಾಜರಿಯ ಲೆಕ್ಕಗಳಿಂದ ಅವು ತುಂಬಿ ತುಳುಕುತ್ತಿವೆ. ಆಡಳಿತದವರು ಇರುವ ಗುಂಪಿನಲ್ಲಿ 'ನನಗಿದು ತಿಳಿಯದು' ಎಂದು ಯಾವ ಅಧ್ಯಾಪಕರು ಬರೆದಾರು?

ವಿಶೇಷವಾಗಿ ನಮ್ಮ ಅಧ್ಯಾಪಕಿಯರನ್ನು ನೆನೆಯಬೇಕು. ಮನೆ, ಮಕ್ಕಳನ್ನು ಬಿಟ್ಟು ಜಿಲ್ಲಾ ಕೇಂದ್ರದ ಮೂರು ದಿನಗಳ ತರಬೇತಿಗೆ ಹೋಗಲು ಅನೇಕರಿಗೆ ಸಾಧ್ಯವಾಗದು. ರಾತ್ರಿ ಅರ್ಧ ಗಂಟೆ ಮೊಬೈಲಿನಲ್ಲಿ ಪಾಠದ ಚರ್ಚೆ ಅವರಿಗೆ ಸಾಧ್ಯ, ಮನೆಯವರು ಅದನ್ನು ಹರಟೆಯೆಂದು ಜರೆಯದಿದ್ದರೆ. ಪತಿಯಂದಿರೂ ಅತ್ತೆಯಂದಿರೂ ಇದನ್ನು ಗಮನಿಸಬೇಕು.

ಆಡಳಿತ ಸಮಿತಿಯವರಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ವಾರಕ್ಕೊಂದು ಪೀರಿಯಡ್ಡನ್ನು ಈ ಚರ್ಚೆಗೆ ಬಿಟ್ಟುಕೊಡಿ. ನೆರೆಯ ನಾಲ್ಕು ಊರುಗಳ ಶಾಲೆಗಳನ್ನೂ ಸರಕಾರಿ ಉರ್ದು ಶಾಲೆಗಳನ್ನೂ ಮದ್ರಸಾಗಳ ಉಸ್ತಾದರನ್ನೂ ಸೇರಿಸಿಕೊಳ್ಳಿ. ಇಂಟರ್‌ನೆಟ್ಟಿನ ಖರ್ಚನ್ನು ಶಾಲೆಯೇ ಭರಿಸಲಿ. ಆ ಗುಂಪಿನಲ್ಲಿ ನೀವು ಮಾತ್ರ ಸೇರಬೇಡಿ.