ನಳಿಗೆ ಅರ್ಧ ಆದ್ರೆ ಗುಂಡಿನ ವೇಗವೂ ಅರ್ಧ ಆಗುತ್ತಾ?

ಇಲ್ಲಿರೋ ಎಷ್ಟೋ ಮಂದಿ ದಿನಾ ಸಿಎಸ್‌ಎಂಟಿ ಮೂಲಕವೇ ಓಡಾಡ್ತೀರಿ. 2008ರ ನವೆಂಬರ್ 26ರ ರಾತ್ರಿ ಆ ನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಹಂತಕರ ಕೈಯಲ್ಲಿ ಎಕೆ ರೈಫಲ್. ಪೊಲೀಸರಲ್ಲಿ ಕೆಲವರ ಹತ್ರ ಹಳೇ ತ್ರೀ ನಾಟ್ ತ್ರೀ, ಇನ್ನು ಕೆಲವರ ಹತ್ರ ಬರೀ ಲಾಠಿ. ಆಮೇಲಿಂದ ಒಂದು ಮಾತು ಕೇಳ್ತಾನೇ ಇದ್ದೀನಿ: "ತ್ರೀ ನಾಟ್ ತ್ರೀ ಗುಂಡಲ್ಲಿ ದಮ್ಮೇ ಇರಲಿಲ್ಲ."

ಲೆಕ್ಕ ಹಾಕಿದ್ರೆ ಉಲ್ಟಾ. ಅದರ ಗುಂಡು 11.3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಎಕೆಯದ್ದು 7.9 ಗ್ರಾಂ, 715 ಮೀಟರ್. ಶಕ್ತಿ ನೋಡಿದ್ರೆ ಸುಮಾರು 3,100 ಜೂಲ್ ಎದುರು 2,000. ಕೈಕೊಟ್ಟಿದ್ದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ಯಂತ್ರ, ಜೊತೆಗೆ ಅಭ್ಯಾಸದ ಕೊರತೆ.

ಈಗ ನಳಿಗೆಗೆ ಬರೋಣ. ತ್ರೀ ನಾಟ್ ತ್ರೀಯದ್ದು 640 ಮಿಲಿಮೀಟರ್, ಎಕೆಯದ್ದು 415. ಉದ್ದ ಇದ್ದಷ್ಟೂ ವೇಗ ಅನ್ನೋದು ನಿಜ, ಆದ್ರೆ ಸಮಪ್ರಮಾಣದಲ್ಲಿ ಅಲ್ಲ. ಮದ್ದು ಹೊತ್ತಿಕೊಂಡಾಗ, ಗುಂಡು ಕೆಲವೇ ಸೆಂಟಿಮೀಟರ್ ಸರಿಯುವಷ್ಟರಲ್ಲಿ ಒತ್ತಡ ತುತ್ತತುದಿ ಮುಟ್ಟುತ್ತೆ. ಅಲ್ಲಿಂದ ಗುಂಡಿನ ಹಿಂದಿನ ಜಾಗ ಹಿಗ್ಗುತ್ತಾ ಹೋಗುತ್ತೆ, ಒತ್ತಡ ಇಳಿಯುತ್ತೆ. ಕೊನೆಯ ಇಂಚುಗಳಲ್ಲೂ ಗ್ಯಾಸ್ ತಳ್ಳುತ್ತೆ, ಮೆಲ್ಲಗೆ. ಒತ್ತಡದ ಗ್ರಾಫಿನ ಕೆಳಗಿನ ವಿಸ್ತೀರ್ಣವೇ ಶಕ್ತಿ. ವೇಗ ಅದರ ವರ್ಗಮೂಲಕ್ಕೆ ತಕ್ಕಂತೆ. ಹಾಗಾಗಿ ತುದಿ ಕತ್ತರಿಸಿದ್ರೆ ನಷ್ಟ ಸಣ್ಣದು, ಬುಡದ ಕಡೆ ಹೋದಂತೆ ದುಬಾರಿ.

ಅಮೆರಿಕದ ಎಂ16ರ ನಳಿಗೆ 508 ಮಿಲಿಮೀಟರ್, ವೇಗ 948 ಮೀಟರ್. ಅದರದ್ದೇ ಗುಂಡು ಹಾರಿಸೋ ಎಂ4ರ ನಳಿಗೆ 368, ವೇಗ ಸುಮಾರು 905. ಉದ್ದದಲ್ಲಿ ಸುಮಾರು ಶೇ. 28 ಹೋಯ್ತು, ವೇಗದಲ್ಲಿ ಶೇ. 5 ಕೂಡ ಇಲ್ಲ. ರಷ್ಯನ್ನರು ಇನ್ನೂ ಮುಂದೆ ಹೋದರು. ಎಕೆ-74ರ 415ನ್ನು ಅರ್ಧ ಮಾಡಿ ಎಕೆಎಸ್-74ಯು ಕಟ್ಟಿದರು. 900 ಮೀಟರ್ ಇದ್ದದ್ದು 735ಕ್ಕೆ ಬಂತು. ಶೇ. 18 ಅಂದ್ರೆ ಕಮ್ಮಿ ಅನ್ನಿಸಬಹುದು, ಆದ್ರೆ ಶಕ್ತಿಯಲ್ಲಿ ಅದು ಮೂರನೇ ಒಂದು ಭಾಗ.

ಆ ಶಕ್ತಿ ಎಲ್ಲಿ ಹೋಯ್ತು? ಬಹುಪಾಲು ಬಿಸಿ ಗ್ಯಾಸ್ ಆಗಿ ಬಾಯಿಂದ ಹೊರಗೆ. "ಉರಿಯದ ಮದ್ದು ಹೊರಗೆ ಉರಿಯುತ್ತೆ, ಅದಕ್ಕೇ ಬೆಂಕಿ" ಅಂತಾರೆ. ಅದು ಅರ್ಧ ಸತ್ಯ. ಮದ್ದು ಪೂರ್ತಿ ಸುಟ್ಟರೂ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಉಳಿದಿರುತ್ತೆ. ಹೊರಗಿನ ಗಾಳಿ ತಗುಲಿದಾಗ ಅದು ಮತ್ತೆ ಹೊತ್ತಿಕೊಳ್ಳುತ್ತೆ. ನಳಿಗೆ ಗಿಡ್ಡ ಇದ್ದಷ್ಟೂ ಗ್ಯಾಸ್ ಹೆಚ್ಚು ಒತ್ತಡದಲ್ಲಿ ಬರೋದ್ರಿಂದ ಸದ್ದು, ಬೆಳಕು ಎರಡೂ ಜಾಸ್ತಿ. ಎರಡನೇ ಮಹಾಯುದ್ಧದ ಕೊನೆಗೆ ಇದೇ ತ್ರೀ ನಾಟ್ ತ್ರೀ ನಳಿಗೆಯನ್ನ ಸುಮಾರು 19 ಇಂಚಿಗೆ ಇಳಿಸಿ 'ಜಂಗಲ್ ಕಾರ್ಬೈನ್' ಮಾಡಿದರು. ಬಾಯಿಗೆ ಆಲಿಕೆ ಥರದ ಫ್ಲಾಶ್ ಹೈಡರ್ ಹಾಕಬೇಕಾಯ್ತು. ರೈಫಲ್ ಹಗುರವೂ ಆಗಿತ್ತು, ಭುಜಕ್ಕೆ ಬೀಳೋ ಒದೆಗೆ ಅದು ಕುಖ್ಯಾತ.

ಎಕೆಎಸ್-74ಯುಗೆ ಇನ್ನೊಂದು ತಾಪತ್ರಯ. ಅದು ಮುಂದಿನ ಗುಂಡು ತುಂಬಿಕೊಳ್ಳೋದು ಅದೇ ಗ್ಯಾಸಿನ ಬಲದಿಂದ. ಗುಂಡು ಬೇಗ ಆಚೆ ಹೋದ್ರೆ ಒತ್ತಡ ಕ್ಷಣದಲ್ಲಿ ಕುಸಿಯುತ್ತೆ. ಅದಕ್ಕೇ ಬಾಯಲ್ಲಿ ಒಂದು ದಪ್ಪ ಡಬ್ಬಿ, ಗ್ಯಾಸನ್ನ ಸ್ವಲ್ಪ ಹಿಡಿದಿಡೋಕೆ. ಕೋಡಲ್ಲಿ ಒಂದು ಸಾಲು ಅಳಿಸಿ ಮೂರು ಕಡೆ ಪ್ಯಾಚ್ ಹಾಕ್ತೀವಲ್ಲ, ಹಾಗೆ.

ಊರಲ್ಲಿ ಅಜ್ಜನ ಕಾಲದ ಕೋವಿ ಇರೋರು ಗಮನಿಸಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ನಳಿಗೆ ಮೊಟಕು ಮಾಡೋಕೇ ಬೇರೆ ಲೈಸೆನ್ಸ್ ಬೇಕು. ಸರಿ, ಪ್ರಶ್ನೆ ಇದ್ರೆ ಕೇಳಿ.