ಪತ್ರಿಕೆಯ ಸುದ್ದಿಯೂ ಆಸ್ಪತ್ರೆಯ ಔಷಧಿಯೂ
(ಕುಕ್ಕುವಾಡದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಒಬ್ಬ ತಾಯಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮನೆಭೇಟಿಗೆ ಹೋದಾಗ ಅವರು, "ಸಿಸ್ಟರ್, ಶಿವಮೊಗ್ಗದ ಕಡೆ ಹೊಸ ಔಷಧಿ ಕಂಡುಹಿಡಿದಾರಂತೆ. ಅದು ಬರೋತನಕ ಕಾಯ್ತೀನಿ, ಈ ಕಿಮೋ ಸಾಕಾಗೇತಿ" ಅಂದರು. ನಮಗೆ ಎದೆ ಧಸಕ್ಕೆಂದಿತು.

ಸುದ್ದಿ ಸುಳ್ಳಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರು ಡಿಎನ್‌ಎಗೆ ಅಂಟಿಕೊಳ್ಳುವ ಹೊಸ ಸಂಯುಕ್ತಗಳನ್ನು ತಯಾರಿಸಿದ್ದಾರೆ. ಡಿಎನ್‌ಎ ಅಂದರೆ ಜೀವಕೋಶದೊಳಗಿನ ಎರಡೆಳೆಯ ಹಗ್ಗ ಅನ್ನಿ. ಕೋಶ ಒಂದು ಎರಡಾಗಬೇಕಾದರೆ ಹಗ್ಗದ ಹುರಿ ಬಿಚ್ಚಬೇಕು. ಸಂಯುಕ್ತವು ಎಳೆಗಳನ್ನು ಹಿಡಿದುಕೊಂಡರೆ ಹುರಿ ಸರಿಯಾಗಿ ಬಿಚ್ಚದು, ಕೋಶ ಬೆಳೆಯದು.

ಆದರೆ ಮೊದಲ ಪರೀಕ್ಷೆ ನಡೆಯುವುದು ಗಾಜಿನ ನಳಿಕೆಯಲ್ಲಿ. ಅದಕ್ಕೆ ಸಾಮಾನ್ಯವಾಗಿ ಕರುವಿನ ಗ್ರಂಥಿಯಿಂದ ತೆಗೆದ ಡಿಎನ್‌ಎ ಬಳಸುತ್ತಾರೆ. ಆಮೇಲೆ ಕೋಶಗಳ ಮೇಲೆ, ಇಲಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ. ಯಾಕೆಂದರೆ ಡಿಎನ್‌ಎ ಒಳ್ಳೆಯ ಕೋಶದಲ್ಲೂ ಉಂಟು. ನಳಿಕೆಯಲ್ಲಿ ಗೆದ್ದ ಬಹುಪಾಲು ಸಂಯುಕ್ತಗಳು ರೋಗಿಯವರೆಗೆ ಬರುವುದೇ ಇಲ್ಲ.

ಬಂದದ್ದೊಂದನ್ನು ಹೇಳುತ್ತೇವೆ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್, ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹರಿಸಿ ನೋಡುತ್ತಿದ್ದರು. ಅವು ವಿಭಜಿಸುವುದನ್ನೇ ನಿಲ್ಲಿಸಿದವು. ಕಾರಣ ವಿದ್ಯುತ್ತಲ್ಲ, ತಂತಿಯಿಂದ ಕರಗಿದ ಪ್ಲಾಟಿನಂ. ಅದರಿಂದ ಬಂದ ಸಿಸ್‌ಪ್ಲಾಟಿನ್ ಡಿಎನ್‌ಎಗೆ ಅಂಟಿಕೊಳ್ಳುವ ಔಷಧಿ. ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಅಂದರೆ 13 ವರ್ಷದ ಮೇಲೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ವಿಕಿರಣದ ಜೊತೆ ಇಂದು ಕೊಡುವುದು ಹೆಚ್ಚಾಗಿ ಅದನ್ನೇ.

ಆ ತಾಯಿಯ ಚೀಟಿ ನೋಡಿದೆವು. ಅದೇ ಹೆಸರಿತ್ತು! "ಅವ್ವಾ, ನೀನು ಕಾಯ್ತಿರೋ ಜಾತಿಯ ಔಷಧಿ ನಿನ್ನ ಕೈಗೆ ಆಗಲೇ ಬಂದೈತಿ" ಅಂದೆವು. ವಾಂತಿಗೆ ಮಾತ್ರೆ ಉಂಟು, ಮೂತ್ರಪಿಂಡ ಕಾಪಾಡಲು ಸಲೈನ್ ಹಾಕುತ್ತಾರೆ, ಕಷ್ಟವನ್ನು ವೈದ್ಯರ ಹತ್ತಿರ ಮುಚ್ಚಿಡಬೇಡ ಎಂದು ಹೇಳಿದೆವು. ಮುಂದಿನ ವಾರ ಅವರು ಬಸ್ಸು ಹತ್ತಿದರು, ನಮ್ಮಲ್ಲೊಬ್ಬರು ಜೊತೆಗಿದ್ದೆವು.

ತಾಯಂದಿರೇ, ಸಂಶೋಧನೆ ನಮ್ಮ ಮಕ್ಕಳ ಕಾಲಕ್ಕೆ ಫಲ ಕೊಡಲಿ. ಇಂದಿನ ರೋಗಕ್ಕೆ ಇಂದಿನ ಔಷಧಿಯೇ ಬೇಕು. ಮುಟ್ಟು ನಿಂತ ಮೇಲೂ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ಇದ್ದರೆ ನಾಚಬೇಡಿ, ಕೂಡಲೇ ತೋರಿಸಿಕೊಳ್ಳಿ. ಶುರುವಾದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಒಬ್ಬರೇ ಹೋಗಲು ಭಯವಾದರೆ ಸಂಘಕ್ಕೆ ಹೇಳಿ, ನಾವು ಜೊತೆಗೆ ಬರುತ್ತೇವೆ.