ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನ ಎಣ್ಣೆ ಸೋರಿಕೆ
(ಬೆಳ್ಳಿಹಬ್ಬದ ರೈತರ ಸಭೆಯಲ್ಲಿ ಆಡಿದ ಮಾತು)



ಬೆಳ್ಳಿಹಬ್ಬದ ದಿನ ಸಾಲ, ಗೊಬ್ಬರ, ಷೇರು ಬಿಟ್ಟು ಎಣ್ಣೆ ಸೋರಿಕೆ ಮಾತು ಯಾಕೆ ಅಂತ ಕೆಲವರು ನಗಬಹುದು. ಆದರೆ ನಮ್ಮಲ್ಲಿ ಬಹಳ ಜನ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ತಂದಿರುವುದು ಸಾಲದ ಮೇಲೆ. ಕಂತು ಮುಗಿಯುವ ಮೊದಲೇ ಮುಂದಿನ ಆಕ್ಸಲ್ ಹೋದರೆ ಮನೆ ಲೆಕ್ಕವೇ ಏರುಪೇರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗಾಡಿ ಕೆಳಗೆ ಮಲಗಿ ಕಂಡದ್ದನ್ನಷ್ಟೇ ಹೇಳುತ್ತೇನೆ.

ಹೊನ್ನಾಳಿ ಕಡೆ ನಾಲೆ ನೀರಿನ ಗದ್ದೆ, ಚನ್ನಗಿರಿ ಕಡೆ ಅಡಿಕೆ ತೋಟ, ನ್ಯಾಮತಿಯಲ್ಲಿ ಮೆಕ್ಕೆಜೋಳದ ಹೊಲ, ಜಗಳೂರಿನಲ್ಲಿ ಬರೀ ಧೂಳು. ಗಾಡಿ ಒಂದೇ ಆದರೂ ಕಾಯಿಲೆ ಬೇರೆ. ಗದ್ದೆಯಲ್ಲಿ ಕೆಸರು, ಹೊಲದಲ್ಲಿ ಧೂಳು, ಎರಡೂ ಆಯಿಲ್ ಸೀಲಿನ ತುಟಿಯನ್ನು ತಿನ್ನುತ್ತವೆ. ಎಣ್ಣೆ ಸೋರಿದ ಕೂಡಲೇ "ಸೀಲ್ ಹೋಗೈತಿ, ಹೊಸದು ಹಾಕ್ರಿ" ಅನ್ನುತ್ತೇವೆ. ಹದಿನೈದು ದಿನಕ್ಕೆ ಮತ್ತೆ ಅದೇ ಸೋರಿಕೆ. ಸೀಲ್ ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಮೊದಲು ಬ್ರೀದರ್ ನೋಡಿ. ಆಕ್ಸಲ್ ಮೇಲ್ಗಡೆ ಇರುವ ಸಣ್ಣ ಮೂತಿ ಅದು, ಗಾಳಿ ಆಡಲಿಕ್ಕೆ ಇಟ್ಟಿದ್ದು. ಕೆಸರು ಮೆತ್ತಿ ಮುಚ್ಚಿಕೊಂಡರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಎಣ್ಣೆಯನ್ನು ಸೀಲಿನ ಮೂಲಕ ಹೊರಕ್ಕೆ ನೂಕುತ್ತದೆ. ಅದೇ ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಕೆಸರುನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತಲೇ ಅರ್ಥ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದರೆ ಸಾಕು, ಕಾಸಿನ ಖರ್ಚಿಲ್ಲ.

ಆಮೇಲೆ ಚಕ್ರವನ್ನು ಜಾಕ್ ಮೇಲೆ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಸವೆದಿದೆ, ಯಾವ ಸೀಲೂ ನಿಲ್ಲುವುದಿಲ್ಲ. ಬಿಚ್ಚಿದಾಗ ಸೀಲು ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿದರೆ ಅಲ್ಲಿ ಗೆರೆ ಬಿದ್ದಿದೆ. ಜಾಗವಿದ್ದರೆ ಸೀಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಕೂರಿಸಬಹುದು, ಇಲ್ಲವೇ ಲೇತ್‌ನವರ ಹತ್ತಿರ ತೆಳು ಉಕ್ಕಿನ ಬಳೆ ಹಾಕಿಸಬೇಕು. ಹುಲ್ಲು, ತಂತಿ, ಪ್ಲಾಸ್ಟಿಕ್ ದಾರ ಸುತ್ತಿಕೊಂಡಿದೆಯೋ ಅದನ್ನೂ ನೋಡಿ. ನಮ್ಮ ಕಡೆ ಅರ್ಧ ಸೀಲು ಕೊಂದಿರುವುದು ಈ ದಾರವೇ ಅಂತ ನನ್ನ ಅನಿಸಿಕೆ.

ಸೀಲ್ ಹಾಕುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆ ಕಡೆಗಿರಲಿ. ತುಟಿಗೆ ಎಣ್ಣೆ ಸವರಿ, ಅಳತೆಯ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ಕೂರಿಸಿ. ಉಳಿ ಸುತ್ತಿಗೆ ದಯವಿಟ್ಟು ಬೇಡ.

ಮುಂದಿನ ಚಕ್ರದ ಹಬ್ಬಿನಲ್ಲಿ ಎಣ್ಣೆ ಹಿಡಿಯುವುದೇ ಸ್ವಲ್ಪ, ಹಿಂದಿನ ಪೆಟ್ಟಿಗೆಯಂತೆ ಹತ್ತಾರು ಲೀಟರ್ ಅಲ್ಲ. ಹನಿ ಹನಿ ಹೋದರೂ ಬೇಗ ಬರಿದಾಗುತ್ತದೆ. ನಮ್ಮ ಸದಸ್ಯರೊಬ್ಬರದ್ದು ನಾಲೆಗೆ ನೀರು ಬಿಟ್ಟ ವಾರದಲ್ಲೇ ಹಲ್ಲು ಉದುರಿ ಗದ್ದೆಯ ನಡುವೆ ನಿಂತಿತು. ಸಸಿಮಡಿ ಬಲಿಯುತ್ತಿತ್ತು, ಬಾಡಿಗೆ ಗಾಡಿಗೆ ಸರದಿ ಸಿಗಲಿಲ್ಲ. ಅವರ ಮನೆಯವರು ಪಟ್ಟ ಪಾಡು ಊರೇ ನೋಡಿದೆ. ಆದ್ದರಿಂದ ಗದ್ದೆಗೆ ಇಳಿಸುವ ಮೊದಲು ಲೆವೆಲ್ ಪ್ಲಗ್ ಬಿಚ್ಚಿ ನೋಡಿ. ಎಣ್ಣೆ ಯಾವುದು ಎಂಬುದನ್ನು ಗಾಡಿಯ ಪುಸ್ತಕ ನೋಡಿ ಹಾಕಿ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಯ ಹಿಂದಿನ ಪೆಟ್ಟಿಗೆಗೆ ಸಿಕ್ಕ ತೊಂಬತ್ತು ನಂಬರ್ ಸುರಿದರೆ ಬ್ರೇಕಿಗೇ ಅಪಾಯ. ಟಾರ್ ರಸ್ತೆಯಲ್ಲಿ ಮುಂದಿನ ಡ್ರೈವ್ ಬಿಡಿಸಿ ಓಡಿಸಿ.

ಸೀಲಿನ ಮೇಲೆ 3 ಅಳತೆ ಇರುತ್ತವೆ: ಶಾಫ್ಟಿನದು, ಹೊರಸುತ್ತಿನದು, ದಪ್ಪದ್ದು. ಬರೆದು ಕೊಡಿ, ನಮ್ಮ ಮಳಿಗೆಯಲ್ಲಿ ಹೆಚ್ಚು ಬೇಕಾಗುವವನ್ನು ತರಿಸಿಡೋಣ. ಒಂದು ಪುಲ್ಲರ್, ಒಳ್ಳೆಯ ಜಾಕ್ ಕೊಂಡು ಸದಸ್ಯರಿಗೆ ಕೈಬದಲಿಗೆ ಕೊಡಬೇಕೆಂದು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇನೆ. ಊಟ ಆದಮೇಲೆ ಗೋದಾಮಿನ ಹತ್ತಿರ ಬನ್ನಿ, ಗಾಡಿ ಅಲ್ಲೇ ನಿಂತಿದೆ, ಬ್ರೀದರ್ ಬಿಚ್ಚಿ ತೋರಿಸುತ್ತೇನೆ.